ಪ್ರತಿಕ್ರಿಯೆ: ವಾಂಡ್ಸ್‌ವರ್ತ್‌ನಲ್ಲಿ 2022ರಲ್ಲಿ ಆದದ್ದೇನು?

ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಇಷ್ಟು ಕಡಿಮೆ ಇದ್ದರೂ 2022ರ ಕೌನ್ಸಿಲ್ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದವರು ಯಾಕೆ ಸೋತರು, ಭಾರತದ ಪಾಸ್‌ಪೋರ್ಟ್ ಇರುವ ನಮಗೆ ವೋಟು ಇದೆಯಾ ಅಂತ ಕೇಳಿದ್ದೀರಿ.

1978ರಿಂದ ಅವರದೇ ಕೈಯಲ್ಲಿದ್ದ ಕೌನ್ಸಿಲ್ ಅದು. 2022ರಲ್ಲಿ 58 ಸ್ಥಾನಗಳಲ್ಲಿ ಎದುರಾಳಿ ಲೇಬರ್ ಪಕ್ಷಕ್ಕೆ 35, ಕನ್ಸರ್ವೇಟಿವ್‌ಗೆ 22, ಪಕ್ಷೇತರರಿಗೆ 1 ಬಂತು. ನನ್ನ ಪ್ರಕಾರ ಮುಖ್ಯ ಕಾರಣ, ಟ್ಯಾಕ್ಸ್ ಕಡಿಮೆಯೇ ಇಡ್ತೀವಿ ಅಂತ ಲೇಬರ್ ಕೂಡ ಮಾತು ಕೊಟ್ಟದ್ದು. ಕನ್ಸರ್ವೇಟಿವ್‌ಗಳ ದೊಡ್ಡ ಅಸ್ತ್ರವೇ ಹೋಯ್ತಲ್ವಾ! ಲಾಕ್‌ಡೌನ್ ಪಾರ್ಟಿಗೆ ಆಗಿನ ಕನ್ಸರ್ವೇಟಿವ್ ಪ್ರಧಾನಿ ಬೋರಿಸ್ ಜಾನ್ಸನ್ ದಂಡ ಕಟ್ಟಿದ್ದೂ ಚುನಾವಣೆಗೆ ಸ್ವಲ್ಪ ಮೊದಲು, ಅದೇ ವರ್ಷದ ಏಪ್ರಿಲ್‌ನಲ್ಲಿ. ಬ್ರೆಕ್ಸಿಟ್ (ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟದ್ದು) ಬಗ್ಗೆ ಸಿಟ್ಟೂ ಇತ್ತು. 2016ರ ಜನಮತಗಣನೆಯಲ್ಲಿ ಇಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ 75 ಜನ ಒಕ್ಕೂಟದಲ್ಲೇ ಉಳಿಯೋಣ ಅಂದಿದ್ದರು.

ಇಲ್ಲಿ ಒಂದು ವಾರ್ಡಿಗೆ ಇಬ್ಬರು ಅಥವಾ ಮೂವರು ಕೌನ್ಸಿಲರ್‌ಗಳು. ಮೂರು ಸ್ಥಾನದ ವಾರ್ಡಾದರೆ ಮತಪತ್ರದಲ್ಲಿ ಮೂರು ಹೆಸರಿನ ಎದುರು ಪೆನ್ಸಿಲ್‌ನಿಂದ ಕತ್ತರಿ ಗುರುತು ಹಾಕಬಹುದು. ಜಾಸ್ತಿ ಜನ ಒಂದೇ ಪಕ್ಷಕ್ಕೆ ಮೂರನ್ನೂ ಹಾಕ್ತಾರೆ. ಹಾಗಾಗಿ ಸ್ವಲ್ಪ ಮತ ಆಚೀಚೆಯಾದರೂ ಮೂರು ಸೀಟೂ ಒಟ್ಟಿಗೆ ಕೈ ತಪ್ಪಬಹುದು.

ನಿಮಗೆ ವೋಟು ಖಂಡಿತ ಇದೆ. ಭಾರತವೂ ಸೇರಿದಂತೆ ಕಾಮನ್‌ವೆಲ್ತ್ ದೇಶದವರು ವೀಸಾ ಮೇಲೆ ಇಲ್ಲಿ ವಾಸವಿದ್ದರೆ ಸಾಕು. ಆದರೆ ಹೆಸರು ತಾನಾಗಿ ಪಟ್ಟಿಗೆ ಸೇರಲ್ಲ, ನೀವೇ ನೋಂದಾಯಿಸಬೇಕು. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಗಡುವು ಮುಗಿಯುತ್ತೆ. ಮತಗಟ್ಟೆಗೆ ಫೋಟೋ ಇರುವ ಗುರುತಿನ ಪತ್ರ ಬೇಕು, ಭಾರತದ ಪಾಸ್‌ಪೋರ್ಟೇ ನಡೆಯುತ್ತೆ. ದಯವಿಟ್ಟು ಇವತ್ತೇ ನೋಂದಾಯಿಸಿ.