ದೋರಸಮುದ್ರ ಒಂದೇ ದಾಳಿಗೆ ಬಿತ್ತೇ?

ಪ್ರಶ್ನೆ: ಹೊಯ್ಸಳರ ಸಿರಿವಂತ ರಾಜಧಾನಿ ದೋರಸಮುದ್ರ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರನ ಒಂದೇ ದಾಳಿಗೆ ನೆಲಕಚ್ಚಿತೇ? (ಓದುಗರೊಬ್ಬರು, ಅರಸೀಕೆರೆ)

ಉತ್ತರ: ಇಲ್ಲ ಮಾರಾಯ್ರೇ, ಅಷ್ಟು ಸಲೀಸಾಗಿ ಮುಳುಗಲಿಲ್ಲ. ಸಿರಿ ಎಷ್ಟಿತ್ತೆಂದು ನೋಡಬೇಕಾದರೆ ಹಳೇಬೀಡಿನ (ಅಂದಿನ ದೋರಸಮುದ್ರವೇ ಇದು) ಹೊಯ್ಸಳೇಶ್ವರನ ಗುಡಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ: ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಆಮೇಲೆ ರಾಮಾಯಣ, ಭಾರತ. 1121ರ ಸುಮಾರಿಗೆ ಇದನ್ನು ಕಟ್ಟಿಸಿದವನು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ. ಅರಸನಲ್ಲ, ಅಧಿಕಾರಿ!

ಎಡವಟ್ಟಾದದ್ದು ಮನೆಯೊಳಗೇ. 1254ರ ಹೊತ್ತಿಗೆ ಹೊಯ್ಸಳ ಅರಸ ಸೋಮೇಶ್ವರನ ಇಬ್ಬರು ಮಕ್ಕಳ ನಡುವೆ ರಾಜ್ಯ ಪಾಲಾಯಿತು, ದಾಯಾದಿ ಜಗಳ ಶುರುವಾಯಿತು. ಮೂರನೇ ಬಲ್ಲಾಳ ಮತ್ತೆ ಒಂದುಗೂಡಿಸಿದ, ನಿಜ. ಆದರೆ ಪಾಂಡ್ಯ ಸೋದರರ ಕಲಹದಲ್ಲಿ ಲಾಭ ನೋಡಲು ತಮಿಳು ಸೀಮೆಯತ್ತ ಹೋಗಿದ್ದಾಗಲೇ, 1311ರಲ್ಲಿ, ಕಾಫೂರ ಬಂದ. ಆನೆ, ಕುದುರೆ, ಭಂಡಾರ ಒಪ್ಪಿಸಿ ಸಂಧಿಯಾಯಿತು. ಮುಂದೆ ದೆಹಲಿಯ ತುಘಲಕ್ ಸೇನೆಯೂ ಬಂತು. ಆದರೂ ಮುದುಕ ಬಲ್ಲಾಳ ಬಗ್ಗಲಿಲ್ಲ, ತಿರುವಣ್ಣಾಮಲೈನಲ್ಲಿ ನೆಲೆಯೂರಿ ಕಾದಾಡಿದ. ನನಗೆ ಇವನ ಮೇಲೆ ಗೌರವವೇ. 1342ರಲ್ಲಿ ಮಧುರೆಯ ಸುಲ್ತಾನ ಅವನನ್ನು ಸೆರೆಹಿಡಿದು ಕೊಂದು, ಚರ್ಮಕ್ಕೆ ಹುಲ್ಲು ತುಂಬಿ ಗೋಡೆಗೆ ನೇತುಹಾಕಿಸಿದ. ತಾನೇ ಅದನ್ನು ಕಂಡೆನೆಂದು ಮೊರಾಕೊದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಮಗ ವಿರೂಪಾಕ್ಷನದು ನಾಮಕಾವಸ್ತೆ ಪಟ್ಟ. ನಾಡು ವಿಜಯನಗರದ ಸಂಗಮ ಸೋದರರ ಕೈಸೇರಿತು.