ಬಲ್ಬ್ ಜೋರಾಗಿ ಉರಿದು ಹೋದ ಮೇಲೆ ಕಂಪ್ಯೂಟರ್ ಸರಿಯಿಲ್ಲ

ಪ್ರಶ್ನೆ: ನಮ್ಮದು ನಾಪೋಕ್ಲು ಹತ್ತಿರ ಕಾಫಿ ತೋಟ. ಮನೆಗೆ ತ್ರೀ ಫೇಸ್ ಕನೆಕ್ಷನ್ ಇದೆ. ಮೊನ್ನೆ ಗಾಳಿಮಳೆಗೆ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದು ಕರೆಂಟ್ ಬಂದು ಬಂದು ಹೋಯಿತು. ಒಂದು ಸಲ ಅಡುಗೆಮನೆಯ ಹಳೇ ಬಲ್ಬ್ ಕಣ್ಣು ಕುಕ್ಕುವಷ್ಟು ಉರಿದರೆ, ಹಾಲ್‌ನದು ಮಂಕಾಗಿತ್ತು. ಆಮೇಲೆ ಮೂರು ದಿನ ಕರೆಂಟೇ ಇಲ್ಲ. ಈಗ ಕಂಪ್ಯೂಟರ್ ಆನ್ ಮಾಡಿದರೆ 2009ರ ತಾರೀಖು ತೋರಿಸುತ್ತದೆ, ಬ್ಯಾಂಕಿನ ಸೈಟ್ ತೆರೆಯುವುದಿಲ್ಲ, ಹತ್ತು ನಿಮಿಷಕ್ಕೆ ತಾನಾಗಿಯೇ ಆಫ್ ಆಗುತ್ತದೆ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂತಾರೆ. ಕೆಲಸದವರ ಸಂಬಳ, ಕಾಫಿ, ಕರಿಮೆಣಸು ಮಾರಿದ ಲೆಕ್ಕ ಎಲ್ಲ ಅದರಲ್ಲೇ ಇದೆ ಸರ್. ಏನು ಮಾಡಲಿ?
– ಓದುಗರು, ನಾಪೋಕ್ಲು

ಉತ್ತರ: ಮೇಡಂ, ಮೊದಲು ಆ ಕಂಪ್ಯೂಟರನ್ನು ಮತ್ತೆ ಆನ್ ಮಾಡಬೇಡಿ. ಏನೋ ಬರೆಯುತ್ತಿರುವಾಗಲೇ ಕರೆಂಟ್ ಕಡಿದರೆ ಹಾರ್ಡ್ ಡಿಸ್ಕ್‌ನಲ್ಲಿರುವ ಫೈಲ್ ಕೆಡುತ್ತದೆ. ಆನ್ ಮಾಡಿ ನೋಡಿದಷ್ಟೂ ನಿಮ್ಮ ಲೆಕ್ಕಕ್ಕೆ ಅಪಾಯ ಜಾಸ್ತಿ. ಹಾರ್ಡ್ ಡಿಸ್ಕ್ ಬಿಚ್ಚಿಸಿ, ಯುಎಸ್‌ಬಿ ಕೇಬಲ್‌ನಲ್ಲಿ ಬೇರೆ ಕಂಪ್ಯೂಟರಿಗೆ ಹಾಕಿ, ಲೆಕ್ಕದ ಫೋಲ್ಡರ್ ಪೂರ್ತಿ ಕಾಪಿ ಮಾಡಿಸಿಕೊಳ್ಳಿ. ಅಂಗಡಿಯವರಿಗೆ ಇದು ಸಣ್ಣ ಕೆಲಸ. ಮದರ್‌ಬೋರ್ಡ್ ಯಾವಾಗ ಬೇಕಾದರೂ ಸಿಗುತ್ತದೆ, ಆ ಲೆಕ್ಕ ಸಿಗುವುದಿಲ್ಲ.

ಎರಡನೆಯದು ಆ ಬಲ್ಬ್. ಒಂದು ಕಡೆ ಜೋರು, ಇನ್ನೊಂದು ಕಡೆ ಮಂಕು ಅಂದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಕಡಿದಿತ್ತು ಅಥವಾ ಲೂಸ್ ಆಗಿತ್ತು ಅಂತ. ಆಗ 230 ವೋಲ್ಟ್ ಬರಬೇಕಾದ ಪ್ಲಗ್ಗಿಗೆ 400ರ ಹತ್ತಿರವೂ ಬರಬಹುದು. ಕರೆಂಟ್ ವಾಪಸ್ ಬಂದಿದೆ ಅಂತ ಸುಮ್ನೆ ಇರಬೇಡಿ. ಲೈನ್‌ಮನ್‌ಗೆ ಹೇಳಿ ಕಂಬದ ಹತ್ತಿರ ನೋಡಿಸಿ, ಎಲೆಕ್ಟ್ರಿಷಿಯನ್‌ರಿಂದ ಮೀಟರ್ ಬೋರ್ಡ್‌ನ ನ್ಯೂಟ್ರಲ್ ಬಿಗಿ ಮಾಡಿಸಿ. ಅಲ್ಲಿಯವರೆಗೆ ಫ್ರಿಜ್, ಟಿವಿಯ ಪ್ಲಗ್ಗನ್ನೂ ತೆಗೆದಿಡಿ.

ಇನ್ನು ಕಂಪ್ಯೂಟರ್. ತಾರೀಖಿನ ತೊಂದರೆಗೂ ಆಫ್ ಆಗುವುದಕ್ಕೂ ಸಂಬಂಧವಿಲ್ಲ, ಇವು ಎರಡು ಬೇರೆ ಬೇರೆ ಕಾಯಿಲೆ. ಮದರ್‌ಬೋರ್ಡ್ ಮೇಲೆ ಒಂದು ರೂಪಾಯಿ ನಾಣ್ಯದಂಥ ಬ್ಯಾಟರಿ ಇದೆ, ಸಿಆರ್ 2032 ಅಂತ, 3 ವೋಲ್ಟ್‌ನದು. ಗೋಡೆಯ ಪ್ಲಗ್ಗಲ್ಲಿ ಕರೆಂಟ್ ಇರುವವರೆಗೆ ಒಳಗಿನ ಗಡಿಯಾರ ಆ ಕರೆಂಟಿನಲ್ಲೇ ನಡೆಯುತ್ತದೆ. ಕರೆಂಟ್ ಹೋದಾಗ ಮಾತ್ರ ಈ ಬ್ಯಾಟರಿಗೆ ಕೆಲಸ. ನಿಮ್ಮದು ಮುಂಚೆಯೇ ಸತ್ತಿರಬೇಕು, ಮೂರು ದಿನ ಕರೆಂಟ್ ಇಲ್ಲದಾಗ ಗೊತ್ತಾಯಿತು ಅಷ್ಟೆ. ತಾರೀಖು 2009 ಅಂತಿದ್ದರೆ ಬ್ಯಾಂಕಿನ ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ ಅಂತ ಬ್ರೌಸರ್ ತಿಳಿದುಕೊಳ್ಳುತ್ತದೆ. ಹಾಗಾಗಿ ತೆರೆಯುವುದಿಲ್ಲ. ಬ್ಯಾಟರಿ ಬದಲಿಸಿ ತಾರೀಖು ಸರಿಮಾಡಿ, ಅದು ಮುಗಿಯಿತು.

ಆಫ್ ಆಗುವುದಕ್ಕೆ ನನ್ನ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಪ್ಲಗ್ಗಿನ ಕರೆಂಟನ್ನು ಇಳಿಸಿ ಕಂಪ್ಯೂಟರಿನ ಭಾಗಗಳಿಗೆ ಕೊಡುವ ಡಬ್ಬಿಯ ಮೇಲೆ. ಜಾಸ್ತಿ ವೋಲ್ಟೇಜ್ ಬಂದರೆ ಮೊದಲ ಏಟು ತಿನ್ನುವುದೇ ಅದು. ಪೂರ್ತಿ ಸಾಯದೆ ಅರೆಜೀವವಾಗಿದ್ದರೆ ಬಿಸಿಯಾಗುವವರೆಗೆ ನಡೆದು ಆಮೇಲೆ ಕೈಕೊಡುತ್ತದೆ. ಪರೀಕ್ಷೆ ಬಹಳ ಸುಲಭ: ಅಂಗಡಿಯವರು ತಮ್ಮಲ್ಲಿರುವ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ನಿಮ್ಮ ಬೋರ್ಡಿಗೆ ಹಾಕಿ, ನಿಮ್ಮೆದುರಿಗೆ ಒಂದು ಗಂಟೆ ಓಡಿಸಲಿ. ಆಫ್ ಆಗದಿದ್ದರೆ ಬೋರ್ಡ್ ಚೆನ್ನಾಗಿದೆ. ಇದನ್ನು ಮಾಡದೆ ಮದರ್‌ಬೋರ್ಡ್ ಹೋಗಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆಗಲೂ ಆಫ್ ಆದರೆ ಟಾರ್ಚ್ ಬಿಟ್ಟು ಬೋರ್ಡಿನ ಕೆಪಾಸಿಟರ್‌ಗಳನ್ನು ನೋಡಿ. ಪುಟ್ಟ ಡಬ್ಬಿಗಳ ಹಾಗಿರುತ್ತವೆ, ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಸೋರಿದ್ದರೆ ಬೋರ್ಡ್‌ಗೂ ಏಟು ಬಿದ್ದಿದೆ. ಪ್ರೊಸೆಸರ್ ಫ್ಯಾನ್ ತಿರುಗುತ್ತಿದೆಯಾ, ಧೂಳು ಕಟ್ಟಿದೆಯಾ ಅಂತಲೂ ನೋಡಿ. ಆದರೆ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರುತ್ತದೆ.

ರಿಪೇರಿಯಾದ ಮೇಲೆ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಟೂಲ್ಸ್, ಅಲ್ಲಿ ಚೆಕ್ ಒತ್ತಿ. ಡಿಸ್ಕ್‌ನಲ್ಲಿ ಎಡವಟ್ಟಾಗಿದ್ದರೆ ಸರಿಮಾಡಿಕೊಳ್ಳುತ್ತದೆ.

ಅರ್ಥಿಂಗ್ ಬಗ್ಗೆ ಒಂದು ಮಾತು, ಇದು ಕೊಡಗಿನ ಎಲ್ಲರಿಗೂ. ವೋಲ್ಟೇಜ್ ಏಟು ತಡೆಯುವ ಪ್ಲಗ್ ಬೋರ್ಡ್, ಸ್ಪೈಕ್ ಗಾರ್ಡ್ ಇದೆಯಲ್ಲ ಅಂತ ಧೈರ್ಯವಾಗಿರುತ್ತಾರೆ. ಅರ್ಥ್ ಸರಿಯಿಲ್ಲದಿದ್ದರೆ ಅದರಿಂದ ಅರ್ಧ ರಕ್ಷಣೆಯೂ ಇಲ್ಲ. ಎಲೆಕ್ಟ್ರಿಷಿಯನ್ ಮನೆಗೆ ಬಂದಾಗಲೇ ಪ್ಲಗ್ಗಿನಲ್ಲಿ ಫೇಸಿಗೂ ಅರ್ಥಿಗೂ ಮಧ್ಯೆ ಅಳೆಸಿ. ಅಲ್ಲೂ 230ರ ಆಸುಪಾಸು ಬರಬೇಕು, ನ್ಯೂಟ್ರಲ್‌ಗೂ ಅರ್ಥಿಗೂ ಮಧ್ಯೆ ಒಂದೆರಡು ವೋಲ್ಟ್ ಸಾಕು. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಅರ್ಥ್ ಗುಂಡಿ ತಾನೇ ಒದ್ದೆಯಿರುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ನೀರು ಹಾಕುವವರು ಕಡಿಮೆ, ಸಿಡಿಲು ಬರುವುದೂ ಕಾಫಿ ಹೂ ಅರಳಿಸುವ ಹೂಮಳೆಯ ಆ ದಿನಗಳಲ್ಲೇ. ದಯವಿಟ್ಟು ಹಾಕಿ.

ಪ್ರಶ್ನೆ: ಸಿಡಿಲು ಬಂದಾಗ ಪ್ಲಗ್ ತೆಗೆದಿದ್ದೆ. ಆದರೂ ಕಂಪ್ಯೂಟರಿಗೆ ನೆಟ್ ಬರುತ್ತಿಲ್ಲ. ಮೊಬೈಲಿಗೆ ವೈಫೈ ಸರಿಯಾಗಿ ಬರುತ್ತಿದೆ.
– ಓದುಗರು, ಸೋಮವಾರಪೇಟೆ

ಉತ್ತರ: ಕರೆಂಟಿನ ಪ್ಲಗ್ ತೆಗೆದಿರಿ, ನೆಟ್‌ನ ಕೇಬಲ್ ಹಾಗೇ ಬಿಟ್ಟಿದ್ದಿರಿ ಅಲ್ವಾ? ಸಿಡಿಲಿನ ಏಟು ಆ ತಂತಿಯಲ್ಲೂ ಬರುತ್ತದೆ. ಮೊದಲು ಬೇರೆ ಕೇಬಲ್ ಹಾಕಿ, ಮೋಡೆಮ್‌ನ ಬೇರೆ ಪೋರ್ಟಿಗೂ ಚುಚ್ಚಿ ನೋಡಿ. ಆದರೂ ಕಂಪ್ಯೂಟರಿನ ಪೋರ್ಟ್ ಹತ್ತಿರದ ಪುಟ್ಟ ದೀಪ ಹತ್ತದಿದ್ದರೆ ಪೋರ್ಟ್ ಸುಟ್ಟಿದೆ. ಅದಕ್ಕಾಗಿ ಬೋರ್ಡ್ ಬದಲಿಸಬೇಡಿ. ಯುಎಸ್‌ಬಿಗೆ ಚುಚ್ಚುವ ವೈಫೈ ಡಾಂಗಲ್ ಸಾಕು. ಮೋಡೆಮ್‌ನಿಂದ ತಂತಿಯೇ ಇಲ್ಲದ ಕಾರಣ ಮುಂದಿನ ಸಲ ಸಿಡಿಲಿಗೆ ಆ ದಾರಿಯೂ ಇರುವುದಿಲ್ಲ.