ಉದ್ದ ಆಮೇಲೆ, ಮೊದಲು ಎತ್ತರ

ಹಳೆಯ ಸರಕು ವ್ಯಾನ್ ಕೊಂಡು, ಮಲಗಲು, ಅಡುಗೆ ಮಾಡಲು ಆಗುವ ಕ್ಯಾಂಪರ್ ಮಾಡಿಕೊಳ್ಳಬೇಕೆಂದಿದ್ದೀರಿ. ನೀವು ಆರಡಿ ಆಳು, ಇಬ್ಬರು ಮಲಗಬೇಕು. ಉದ್ದನೆಯ ವ್ಯಾನ್ ಕೊಳ್ಳಲೋ ಎತ್ತರದ ಚಾವಣಿಯದ್ದೋ ಎಂದು ಕೇಳಿದ್ದೀರಿ. ಎತ್ತರದ್ದೇ ಇರಲಿ. ಬೆನ್ನು ಬಗ್ಗಿಸಿಕೊಂಡು ಅಡುಗೆ ಮಾಡುವ ಹುಮ್ಮಸ್ಸು ಬಹಳ ದಿನ ಉಳಿಯುವುದಿಲ್ಲ. ಮಾರುವವರು ಹೇಳುವ ಎತ್ತರ ಬರಿಯ ತಗಡಿನದು. ನೆಲಕ್ಕೆ ಪ್ಲೈವುಡ್, ಚಾವಣಿಗೆ ಶಾಖನಿರೋಧಕ ಕೂರಿಸಿದರೆ ಏಳೆಂಟು ಸೆಂಟಿಮೀಟರ್ ಹೋಯಿತೆಂದೇ ತಿಳಿಯಿರಿ.

ಅಗಲವನ್ನು ಬಹಳ ಜನ ಅಳೆಯುವುದೇ ಇಲ್ಲ. ಫಿಯೆಟ್ ಡುಕಾಟೊ ಎಂಬ ಸರಕು ವ್ಯಾನಿನ ಒಳಗಲ ಸುಮಾರು 1.87 ಮೀಟರ್. ಹಾಸಿಗೆಯನ್ನು ಅಡ್ಡಲಾಗಿ ಹಾಕಲು ಜನ ಅದನ್ನು ಇಷ್ಟಪಡುವುದು ಇದಕ್ಕೇ. ಆದರೆ ಪಕ್ಕಕ್ಕೆ ಹಲಗೆ ಹೊಡೆದ ಮೇಲೆ ನಿಮ್ಮ ಎತ್ತರಕ್ಕೆ ಅದೂ ಬಿಗಿಯೇ. ಉದ್ದಕ್ಕೆ ಮಲಗುವುದಾದರೆ ಮಾತ್ರ ಉದ್ದನೆಯ ವ್ಯಾನಿಗೆ ಅರ್ಥವಿದೆ.

ಓಡಿದ ಕಿಲೋಮೀಟರ್‌ಗಿಂತ ತುಕ್ಕಿಗೆ ಹೆದರಿ. ಎಂಜಿನ್ ರಿಪೇರಿಯಾಗುತ್ತದೆ, ಕೊಳೆತ ಚಾಸಿ ಕಾಸು ನುಂಗುತ್ತದೆ. ವಿಂಡ್‌ಸ್ಕ್ರೀನಿನ ರಬ್ಬರ್ ಅಂಚು, ಚಕ್ರದ ಕಮಾನು, ಜಾರುಬಾಗಿಲಿನ ಹಳಿಯ ಕೆಳಗೆ ಟಾರ್ಚ್ ಹಿಡಿದು ನೋಡಿ. ಹಳೆಯ ವ್ಯಾನಿನ ಅಡಿಭಾಗಕ್ಕೆ ಹೊಸ ಕಪ್ಪು ಬಣ್ಣ ಬಳಿದಿದ್ದರೆ, ಏನನ್ನು ಮುಚ್ಚಿದ್ದೀರಿ ಎಂದು ನೇರವಾಗಿಯೇ ಕೇಳಿ.

ಹೊರಬಲ್ಲ ತೂಕವನ್ನೂ ದಾಖಲೆಯಲ್ಲಿ ನೋಡಿಕೊಳ್ಳಿ. 100 ಲೀಟರ್ ನೀರೆಂದರೆ 100 ಕಿಲೋ. ಬ್ಯಾಟರಿ, ಕಪಾಟು, ನೀವಿಬ್ಬರು ಇನ್ನೂ ಲೆಕ್ಕಕ್ಕೆ ಬಂದಿಲ್ಲ.